ಅಳಿಲು ಎತ್ತಿಟ್ಟ ದನಿ

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಯಾವುದು ತಡ, ಯಾವುದು ಈ ದಿನ ಬರುವುದೇ ಇಲ್ಲ ಎಂದು ಹೇಳುವುದು ಆಕೆಯ ಕೆಲಸವಾಗಿತ್ತು. ಹಾಗಾಗಿ ಊರಿಗೆಲ್ಲ ಆಕೆ ಮೈಕಮ್ಮ. ಮುಖ ಕಂಡಿರದವರೂ ದನಿ ಕೇಳಿದ ಕೂಡಲೇ ತಿರುಗಿ ನೋಡುತ್ತಿದ್ದರು. ತರಕಾರಿ ಅಂಗಡಿಯಲ್ಲಿ ಚೌಕಾಸಿಗೆ ಬಾಯಿ ತೆರೆದರೆ ಸಾಕು, "ಅಮ್ಮಾ, ನಿಮ್ಮ ದನಿ ಕೇಳಿದ್ರೆ ಬಸ್ಸು ತಪ್ಪಿಹೋಯ್ತೇನೋ ಅಂತ ಎದೆ ಧಸಕ್ಕಂತದೆ. ಕೊಟ್ಟಷ್ಟು ಕೊಟ್ಟು ಹೋಗಿ" ಎಂದು ಅಂಗಡಿಯವನು ಕೈಮುಗಿಯುತ್ತಿದ್ದ.

ಆ ದನಿಗೇ ಕುತ್ತು ಬಂತು. ಗಂಟಲಲ್ಲಿ ಗಂಟು ಕಾಣಿಸಿತು; ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು ವೈದ್ಯರು. ಮೈಕಮ್ಮ ಅತ್ತದ್ದು ಒಂದೇ ಸಲ, ಅದೂ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು. ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಆಗ ಒಂದು ಉಪಾಯ ಹೇಳಿಕೊಟ್ಟರು. ಉಚಿತವಾಗಿ ಸಿಗುವ ಒಂದು ತಂತ್ರಾಂಶವಿದೆ. ಆಪರೇಷನ್ನಿಗೆ ಮೊದಲೇ ನಿಮ್ಮ ದನಿಯಲ್ಲಿ ಒಂದಷ್ಟು ವಾಕ್ಯಗಳನ್ನು ಓದಿಟ್ಟರೆ, ಆಮೇಲೆ ನೀವು ಟೈಪು ಮಾಡಿದ್ದನ್ನೆಲ್ಲ ಅದು ನಿಮ್ಮ ದನಿಯಲ್ಲೇ ಹೇಳುತ್ತದೆ ಎಂದರು.

ಮೈಕಮ್ಮನ ಗಂಡ ಗಡಿಯಾರ ರಿಪೇರಿ ಮಾಡುವವರು. ಎಲ್ಲರಿಗೂ ಗಡಿಯಾರದಣ್ಣ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ದನಿ ದಾಖಲು ಮಾಡುವ ದಿನಗಳಲ್ಲಿ ಅವರು ಅಂಗಡಿಯ ಗಡಿಯಾರಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿದರು. ಟಿಕ್ ಟಿಕ್ ಸದ್ದು ಹೆಂಡತಿಯ ಮಾತಿನೊಳಗೆ ಸೇರಬಾರದಲ್ಲ! ಒಳಕೋಣೆಯ ಗೋಡೆಗೆ ಕಂಬಳಿಗಳನ್ನು ತೂಗುಹಾಕಿ, ಕಿಟಕಿಗೆ ಹಾಸಿಗೆ ಒರಗಿಸಿ, ಮೈಕಮ್ಮ ಪುಟಗಟ್ಟಲೆ ಓದಿದಳು. ಕೆಮ್ಮು ಬಂದಾಗ ನಿಲ್ಲಿಸಿ, ಬಿಸಿನೀರು ಕುಡಿದು, ಮತ್ತೆ ಓದಿದಳು.

ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಒಳಕೋಣೆಯ ಹಳೇ ಕಂಪ್ಯೂಟರಿನಲ್ಲಿ ಉಳಿಯಿತು.

ಅದರಿಂದ ಎಲ್ಲರಿಗಿಂತ ಹೆಚ್ಚು ಉಪಕಾರವಾದದ್ದು ಮೈಕಮ್ಮನ ಅಕ್ಕನಿಗೆ. ದೊಡ್ಡಕ್ಕ ಇರುವುದು ಬೇರೆ ಊರಿನಲ್ಲಿ, ಮಗ ಸೊಸೆಯ ಜೊತೆ. ಕಣ್ಣು ಪೂರ್ತಿ ಮಂಜಾಗಿದೆ. ಗುಂಡಿ ಒತ್ತುವ ಹಳೇ ಫೋನು ಬಿಟ್ಟರೆ ಬೇರೆಯದು ಕೈಗೆ ಹತ್ತುವುದಿಲ್ಲ. ಒಬ್ಬಳಿಗೆ ಓದಲಾಗದು, ಒಬ್ಬಳಿಗೆ ಮಾತಾಡಲಾಗದು. ಮೆಸೇಜು ಕಳಿಸಿದರೆ ಸಂಜೆ ಮಗ ಓದಿ ಹೇಳಿಯಾನು. ಆದರೆ, "ನಿನ್ನ ಮಾತನ್ನ ನನ್ನ ಮಗನ ಬಾಯಲ್ಲಿ ಕೇಳೋದಂದ್ರೆ ಬೇರೆಯೋರು ಅಗಿದ ಅನ್ನ ತಿಂದ ಹಾಗೆ ಕಣೇ ಪುಟ್ಟಿ" ಎಂದು ದೊಡ್ಡಕ್ಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ಆದ್ದರಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ದೊಡ್ಡಕ್ಕನ ಫೋನು ಬರುವುದು. ಮೈಕಮ್ಮ ಫೋನನ್ನು ಕಂಪ್ಯೂಟರಿನ ಸ್ಪೀಕರಿನ ಪಕ್ಕ ಇಟ್ಟು, ಟಕಟಕ ಟೈಪು ಮಾಡುತ್ತ ಹರಟುವಳು. ಟೈಪಿಂಗು ನಿಧಾನವಾದರೆ ಆ ಕಡೆಯಿಂದ, "ನಿದ್ದೆ ಬಂತೇನೇ?" ಎಂದು ಗದರಿಕೆ.

ಒಂದು ದಿನ ಒಳಕೋಣೆಯ ಗೋಡೆಗೆ ಬಣ್ಣ ಹೊಡೆಸಬೇಕಾಯಿತು. ಗಡಿಯಾರದಣ್ಣ ಬೆಳಿಗ್ಗೆ ಕಂಪ್ಯೂಟರಿನ ವೈರು ಕಿತ್ತು ಮೇಜು ಸರಿಸಿದರು. ಸಂಜೆ ಮತ್ತೆ ಸಿಕ್ಕಿಸಿ ಚಾಲೂ ಮಾಡಿದರು. ಪರದೆಯ ಮೇಲೆ ಅಳಿಲಿನ ಚಿತ್ರ ಮೂಡಿತು. ಅದು ಕಂಪ್ಯೂಟರಿನಲ್ಲಿರುವ ಉಚಿತ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಹೊಸದು ಮಾಡಿಕೊಡುವ ಸಾಧನ. ಅದೂ ಉಚಿತವೇ. ಹೆಸರೇ 'ಅಳಿಲು'. ಯಾರೋ ಪುಣ್ಯಾತ್ಮರು ತಮ್ಮ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ನಡೆಸುತ್ತಿದ್ದ ಅಳಿಲು ಸೇವೆ. 'ಮಾತಿನ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಿದೆ, ಹಾಕಲೇ?' ಎಂದು ಅಳಿಲು ಕೇಳಿತು. ಗಡಿಯಾರದಣ್ಣ ಎಂದಿನಂತೆ 'ಹೂಂ' ಒತ್ತಿದರು.

ಹಸಿರು ಪಟ್ಟಿ ಅರ್ಧದವರೆಗೆ ಓಡಿ ನಿಂತುಬಿಟ್ಟಿತು. ಕೆಂಪು ಚೌಕ ಬಂತು: 'ಸ್ಥಾಪನೆ ವಿಫಲ. ಪ್ರಮಾಣಪತ್ರ ಅಮಾನ್ಯ.' ಅದರ ಕೆಳಗೆ ಏನೋ ಅಂಕಿ, ಏನೋ ಅಕ್ಷರ. ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ. ಮಾತಿನ ತಂತ್ರಾಂಶವನ್ನಾದರೂ ತೆರೆಯೋಣವೆಂದರೆ ಅದರ ಚಿತ್ರವೇ ಮಾಯ. ಅಳಿಲು ಹಳೆಯದನ್ನು ಕಿತ್ತಿತ್ತು, ಹೊಸದನ್ನು ಹಾಕಿರಲಿಲ್ಲ. ಇತ್ತ ದಡವೂ ಇಲ್ಲ, ಅತ್ತ ದಡವೂ ಇಲ್ಲ.

ಮೈಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈಯಾಡಿಸಿ, ಏನಾಯಿತು ಎಂದು ಕೇಳಿದಳು.

"ಏನಿಲ್ಲ ಕಣೇ, ಸ್ವಲ್ಪ ಮುನಿಸಿಕೊಂಡಿದೆ. ಬೆಳಿಗ್ಗೆ ಹೊತ್ತಿಗೆ ಸರಿ ಹೋಗತ್ತೆ" ಎಂದರು ಗಡಿಯಾರದಣ್ಣ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ 'ಏನಿಲ್ಲ' ಎಂದರೆ ಏನೆಂದು ಗೊತ್ತಿರುವುದಿಲ್ಲವೇ?

ಬೆಳಿಗ್ಗೆಯೂ ಸರಿ ಹೋಗಲಿಲ್ಲ. ಮಧ್ಯಾಹ್ನ ದೊಡ್ಡಕ್ಕನ ಫೋನು ಬಂತು. ಗಡಿಯಾರದಣ್ಣ ವಿಷಯ ಹೇಳಿದರು. "ಅಕ್ಕಾ, ಕಂಪ್ಯೂಟರ್ ಕೆಟ್ಟಿದೆ. ನೀವು ಮಾತಾಡ್ತಾ ಇರಿ, ಅವಳು ಹೌದು ಅಂದ್ರೆ ಒಂದು ಸಲ ತಟ್ತಾಳೆ, ಇಲ್ಲ ಅಂದ್ರೆ ಎರಡು ಸಲ." ಮೈಕಮ್ಮ ಉಂಗುರದ ಬೆರಳಿನಿಂದ ಫೋನಿನ ಬೆನ್ನಿಗೆ ತಟ್ಟಿದಳು. ದೊಡ್ಡಕ್ಕ ಸ್ವಲ್ಪ ಹೊತ್ತು ಅದೂ ಇದೂ ಹೇಳಿದಳು. ಆಮೇಲೆ ಮಾತು ತಡವರಿಸಿತು.

ಮಾರನೆಯ ದಿನ ಅವಳ ದನಿಯೇ ಬೇರೆಯಾಗಿತ್ತು. "ನೋಡಿ, ನನಗೆ ಕಣ್ಣು ಮಂಜು, ಬುದ್ಧಿ ಮಂಜಲ್ಲ. ಕಂಪ್ಯೂಟರ್ ಕೆಟ್ಟಿದೆ ಅಂತ ನೆಪ ಹೇಳ್ಬೇಡಿ. ಅವಳ ಕಾಯಿಲೆ ಮತ್ತೆ ಬಂದಿದ್ಯಾ? ಆಸ್ಪತ್ರೇಲಿ ಇದ್ದಾಳಾ? ನೀವೇ ಕೂತ್ಕೊಂಡು ತಟ್ತಾ ಇದ್ದೀರಾ?"

"ಅಯ್ಯೋ, ಅಕ್ಕಾ, ನನ್ನಾಣೆ, ಅವಳು ಇಲ್ಲೇ ಇದ್ದಾಳೆ. ಈಗ ತಾನೇ ನನ್ನ ಮೇಲೆ ಕಣ್ಣು ಕೆಂಪಗೆ ಮಾಡ್ಕೊಂಡು ಕೂತಿದ್ದಾಳೆ."

"ಹಾಗಾದ್ರೆ ಮಾತಾಡ್ಸಿ!"

ಮೈಕಮ್ಮ ಫೋನಿಗೆ ತಟ್ಟಿದಳು, ತಟ್ಟಿದಳು, ತಟ್ಟುತ್ತಲೇ ಇದ್ದಳು. ಆ ಕಡೆ ದೊಡ್ಡಕ್ಕ ಅಳತೊಡಗಿದಳು. ಫೋನು ಇಟ್ಟ ಮೇಲೆ ಮೈಕಮ್ಮ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಪಾತ್ರೆಗಳ ಸದ್ದು ಅಂಗಡಿಯವರೆಗೂ ಬರುತ್ತಿತ್ತು. ಗಡಿಯಾರದಣ್ಣನ ಚಿಮಟದಿಂದ ಜಾರಿ, ಹಿಡಿದಿದ್ದ ಸಣ್ಣ ಚಕ್ರ ಎಲ್ಲೋ ಹಾರಿಹೋಯಿತು. ಹುಡುಕಲೂ ಇಲ್ಲ. ಎದ್ದು ಅಂಗಡಿಯ ಬಾಗಿಲು ಮುಂದೆ ಮಾಡಿ ಫೋನು ಕೈಗೆತ್ತಿಕೊಂಡರು.

ಅಳಿಲಿಗೆ ಒಂದು ಸಹಾಯಪುಟವಿತ್ತು. ಕಷ್ಟ ಬಂದವರು ಅಲ್ಲಿ ಬರೆದರೆ, ತಿಳಿದವರು ಉತ್ತರ ಕೊಡುತ್ತಿದ್ದರು. ಗಡಿಯಾರದಣ್ಣ ಒಂದೊಂದೇ ಅಕ್ಷರ ಒತ್ತಿ, ಆದದ್ದನ್ನೆಲ್ಲ ಬರೆದರು. ಕೆಂಪು ಚೌಕದ ಫೋಟೋ ಹಾಕಿದರು. ಕೊನೆಗೆ, 'ಇದು ನನ್ನ ಹೆಂಡತಿಯ ಬಾಯಿ. ದಯವಿಟ್ಟು' ಎಂದಷ್ಟೇ ಸೇರಿಸಿ, ವಾಕ್ಯ ಮುಗಿಸಲು ತೋಚದೆ ಹಾಗೇ ಕಳಿಸಿಬಿಟ್ಟರು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಬರೆದವರು ಅಲ್ಲಿ ಇಟ್ಟುಕೊಂಡಿದ್ದ ಹೆಸರು 'ಒಂಟಿ ಚಪ್ಪಲಿ'.

ಗಡಿಯಾರದಣ್ಣನಿಗೆ ಧರ್ಮಸಂಕಟ. ಉಪಕಾರ ಮಾಡಲು ಬಂದವರನ್ನು 'ಚಪ್ಪಲಿಯವರೇ' ಎಂದು ಕರೆಯುವುದು ಹೇಗೆ? ಗಂಡಸೋ ಹೆಂಗಸೋ ತಿಳಿಯದು. ಅಣ್ಣ ಎನ್ನಲೋ, ಅಕ್ಕ ಎನ್ನಲೋ? ಕೊನೆಗೆ 'ಸ್ನೇಹಿತರೇ' ಎಂದು ಬರೆದು ನಿಟ್ಟುಸಿರು ಬಿಟ್ಟರು.

ಒಂಟಿ ಚಪ್ಪಲಿ ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ಕಂಪ್ಯೂಟರಿನಲ್ಲಿ ಜಾಗ ಖಾಲಿ ಇದೆಯೇ? ಇದೆ. ಅಳಿಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್, ಅಂದರೆ ಯಜಮಾನರ ಅಧಿಕಾರದಲ್ಲಿ ಓಡಿಸಿದ್ದೀರಾ? ಓಡಿಸಿದೆ, ಅದೇ ಕೆಂಪು ಚೌಕ. ವೈರಸ್ ಕಾಯುವ ತಂತ್ರಾಂಶ ಏನಾದರೂ ತಡೆಯುತ್ತಿದೆಯೇ? ಇಲ್ಲ. ಬೇರೆ ವೆಬ್ ಪುಟಗಳು ಆ ಕಂಪ್ಯೂಟರಿನಲ್ಲಿ ತೆರೆಯುತ್ತವೆಯೇ? ಗಡಿಯಾರದಣ್ಣ ನೋಡಿದರು. ಒಂದೂ ತೆರೆಯಲಿಲ್ಲ. ನಡುವೆ ಒಮ್ಮೆ ಒಂಟಿ ಚಪ್ಪಲಿ, 'ಕ್ಷಮಿಸಿ, ಒಲೆಯಲ್ಲಿ ಬ್ರೆಡ್ಡಿದೆ, ತೆಗೆದು ಬರುತ್ತೇನೆ' ಎಂದು ಬರೆದು ಮಾಯವಾಯಿತು.

"ಏನೇ, ಇವರು ಯಾರೋ ಅಡುಗೆ ಮಾಡ್ತಾ ಮಾಡ್ತಾ ರಿಪೇರಿ ಮಾಡ್ತಿದ್ದಾರೆ" ಎಂದು ಗಡಿಯಾರದಣ್ಣ ಕೂಗಿ ಹೇಳಿದರು. ಮೈಕಮ್ಮ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

ಮರಳಿ ಬಂದ ಒಂಟಿ ಚಪ್ಪಲಿ ಹೇಳಿತು: 'ಕೆಂಪು ಚೌಕ ಮಾತ್ರ ಬೇಡ. ಇಡೀ ಪರದೆಯ ಫೋಟೋ ತೆಗೆದು ಹಾಕಿ, ಮೂಲೆಮೂಲೆ ಕಾಣಬೇಕು.' ಹಾಕಿದರು. ಉತ್ತರ ತಕ್ಷಣ ಬಂತು: 'ಬಲಗಡೆ ಕೆಳಮೂಲೆಯಲ್ಲಿರುವ ಗಡಿಯಾರದ ಮೇಲೆ ಒತ್ತಿ, ಇಸವಿ ಎಷ್ಟು ತೋರಿಸುತ್ತದೆ ನೋಡಿ.'

ಗಡಿಯಾರದಣ್ಣ ಕನ್ನಡಕ ಏರಿಸಿ ಬಾಗಿದರು. ಮೈಕಮ್ಮನೂ ಬಾಗಿದಳು. ಕಂಪ್ಯೂಟರಿನ ಲೆಕ್ಕದಲ್ಲಿ ಅವರಿಬ್ಬರೂ ಹತ್ತಾರು ವರ್ಷ ಚಿಕ್ಕವರಾಗಿದ್ದರು. ಈಗ ಬೇರೆ ಊರಿನಲ್ಲಿರುವ ಅವರ ಮಗಳು ಇನ್ನೂ ಶಾಲೆಯಲ್ಲಿದ್ದಳು.

ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುವ ಮನುಷ್ಯ. ಆದರೆ ಮುಳ್ಳಿಲ್ಲದ ಗಡಿಯಾರವನ್ನು ಅವರು ಗಡಿಯಾರವೆಂದು ಲೆಕ್ಕಕ್ಕೇ ಇಟ್ಟವರಲ್ಲ. ಆ ಮೂಲೆಯ ಇರುವೆಯಂಥ ಅಂಕಿಗಳತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಮೈಕಮ್ಮ ಗಂಡನ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಂಪ್ಯೂಟರು ಕೆಟ್ಟ ಮೇಲೆ ಆಕೆ ನಕ್ಕದ್ದು ಇದೇ ಮೊದಲು. ಗಡಿಯಾರದಣ್ಣ, "ನಗು, ನಗು. ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡ" ಎಂದರು.

ಒಂಟಿ ಚಪ್ಪಲಿ ವಿವರಿಸಿತು. ಹೊಸ ತಂತ್ರಾಂಶ ಅಸಲಿಯೋ ನಕಲಿಯೋ ಎಂದು ಅಳಿಲು ಒಂದು ಪ್ರಮಾಣಪತ್ರ ನೋಡಿ ತಿಳಿಯುತ್ತದೆ. ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಗಡುವಿರುತ್ತದೆ. ನಿಮ್ಮ ಕಂಪ್ಯೂಟರು ಹಿಂದಿನ ಕಾಲದಲ್ಲಿ ಕೂತು, 'ಈ ಪತ್ರ ಇನ್ನೂ ಹುಟ್ಟೇ ಇಲ್ಲ' ಎನ್ನುತ್ತಿದೆ; ವೆಬ್ ಪುಟಗಳು ತೆರೆಯದಿರುವುದಕ್ಕೂ ಇದೇ ಕಾರಣ. ವೈರು ಕಿತ್ತಾಗಲೂ ಸಮಯ ನೆನಪಿಡಲು ಒಳಗೊಂದು ಗುಂಡನೆಯ ಬ್ಯಾಟರಿ ಇರುತ್ತದೆ, ಅದು ಮುಗಿದಿರಬೇಕು. ಕೆಲಸ ತಿಳಿದವರನ್ನು ಯಾರನ್ನಾದರೂ ಕರೆಸಿ ಬದಲಾಯಿಸಿ.

"ಕೆಲಸ ತಿಳಿದವರನ್ನಂತೆ!" ಎಂದು ಗೊಣಗುತ್ತ ಗಡಿಯಾರದಣ್ಣ ಎದ್ದು, ಅಂಗಡಿಯ ಡ್ರಾಯರ್ ಎಳೆದರು. ಅಂಥ ಬ್ಯಾಟರಿಗಳು ಅಲ್ಲಿ ಹುಣಸೆಬೀಜದ ಹಾಗೆ ಬಿದ್ದಿದ್ದವು. ಕಂಪ್ಯೂಟರಿನ ವೈರು ಕಿತ್ತು, ಬೆನ್ನು ಬಿಚ್ಚಿ, ಹಳೆಯದನ್ನು ಚಿಮಟದಲ್ಲಿ ಎತ್ತಿ ಹೊಸದನ್ನು ಕೂರಿಸಿದರು. ದಿನಾಂಕ ಸರಿಮಾಡಿ ಅಳಿಲನ್ನು ಮತ್ತೆ ಓಡಿಸಿದರು.

ಈ ಸಲ ಬೇರೆ ತಕರಾರು: 'ಇನ್ನೊಂದು ಸ್ಥಾಪನೆ ನಡೆಯುತ್ತಿದೆ, ಕಾಯಿರಿ.' ಯಾವುದೂ ನಡೆಯುತ್ತಿರಲಿಲ್ಲ. ಮೊದಲ ಸಲ ಅರ್ಧಕ್ಕೆ ನಿಂತದ್ದು ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗೇ ಉಳಿದಿದೆ ಎಂದು ಒಂಟಿ ಚಪ್ಪಲಿ ಹೇಳಿತು. ಆ ಚಿಲಕದ ಕಡತ ಎಲ್ಲಿದೆ ಎಂದು ತೋರಿಸಿ, ಅಳಿಸಲು ಹೇಳಿತು. ಅಳಿಸಿದರು. ಹಸಿರು ಪಟ್ಟಿ ಅರ್ಧ ದಾಟಿತು. ಮುಕ್ಕಾಲು ದಾಟಿತು. 'ಸ್ಥಾಪನೆ ಮುಗಿದಿದೆ.'

ಮೈಕಮ್ಮ ಮುಂದೆ ಬಂದು ಬೆರಳಾಡಿಸಿದಳು: ರೀ, ಕೇಳಿಸ್ತಾ?

"ರೀ, ಕೇಳಿಸ್ತಾ?" ಎಂದಿತು ಸ್ಪೀಕರು.

ಅದು ಅವಳ ದನಿಯಾಗಿರಲಿಲ್ಲ. ಯಾರೋ ಎಳೆಯ ಹುಡುಗಿ. ಉಚ್ಚಾರ ಶುದ್ಧ, ಗಾಜಿನಂತೆ ನುಣುಪು, ಮನೆಗೆ ಸಂಬಂಧವೇ ಇಲ್ಲದ ದನಿ. ಮೈಕಮ್ಮ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದುಕೊಂಡಳು. ಗಡಿಯಾರದಣ್ಣ ಅಲ್ಲಿ ಇಲ್ಲಿ ಒತ್ತಿ ನೋಡಿದರು. ದನಿಗಳ ಪಟ್ಟಿಯಲ್ಲಿ ಆ ಹುಡುಗಿಯೊಬ್ಬಳೇ. ಕಂಬಳಿ ಕಟ್ಟಿ, ಗಡಿಯಾರ ನಿಲ್ಲಿಸಿ, ಕೆಮ್ಮು ನುಂಗಿ ದಾಖಲು ಮಾಡಿದ್ದು ಎಲ್ಲಿ ಹೋಯಿತು? ಇನ್ನೊಮ್ಮೆ ಓದಿಸೋಣವೆಂದರೆ ಓದುವ ಗಂಟಲು ಎಲ್ಲಿದೆ?

ಅವರು ಬರೆದರು: 'ಸ್ನೇಹಿತರೇ, ತಂತ್ರಾಂಶ ಬಂತು, ಅವಳ ದನಿ ಹೋಯಿತು.' ಬರೆದು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಉತ್ತರ ನೋಡುವ ಧೈರ್ಯವಿರಲಿಲ್ಲ. ಫೋನು ಗುಂಯ್‌ಗುಟ್ಟಿತು. ಕೈ ಚಾಚಿ ಅದನ್ನು ತಿರುಗಿಸಿದವಳು ಮೈಕಮ್ಮ.

'ಗಾಬರಿಯಾಗಬೇಡಿ. ದನಿ ಹೋಗಿಲ್ಲ. ಅಳಿಲು ಏನನ್ನೂ ಅಳಿಸುವುದಿಲ್ಲ, ಎತ್ತಿಡುತ್ತದೆ. ಅಳಿಲಿನ ಫೋಲ್ಡರಿನೊಳಗೆ 'ಹಳೆಯದು' ಅಂತ ಇನ್ನೊಂದು ಇದೆ. ತೆರೆದು ನೋಡಿ.'

ತೆರೆದರು. ಒಳಗೆ ಮಾತಿನ ತಂತ್ರಾಂಶದ ಹಳೇ ಸಾಮಾನು ಸರಂಜಾಮೆಲ್ಲ ಇತ್ತು. ನಡುವೆ ಒಂದು ಫೋಲ್ಡರು. ದಾಖಲು ಮಾಡುವಾಗ ಗಡಿಯಾರದಣ್ಣನೇ ಇಟ್ಟ ಹೆಸರು: 'ನನ್ನವಳು'. ಇಷ್ಟು ವರ್ಷ ಮೈಕಮ್ಮ ಅದನ್ನು ಕಂಡಿರಲಿಲ್ಲ. ಅವಳು ಗಂಡನತ್ತ ತಿರುಗಿ ಹುಬ್ಬು ಏರಿಸಿದಳು. ಅವರು ಕೆಮ್ಮಿದರು. "ಮತ್ತೇನಂತ ಇಡ್ಲಿ? ಬಸ್ ನಿಲ್ದಾಣ ಅಂತ ಇಡ್ಲಾ?"

ಒಂಟಿ ಚಪ್ಪಲಿ ಹೇಳಿದ ಹಾಗೆ ಆ ಫೋಲ್ಡರನ್ನು ನಕಲು ಮಾಡಿ, ಹೊಸ ತಂತ್ರಾಂಶದ ದನಿಗಳ ಜಾಗದಲ್ಲಿ ಇಟ್ಟು, ಮತ್ತೆ ಚಾಲೂ ಮಾಡಿದರು. ಪಟ್ಟಿಯಲ್ಲಿ ಈಗ ಎರಡು ದನಿ. ಮೈಕಮ್ಮ ಎರಡನೆಯದನ್ನು ಆರಿಸಿದಳು.

"ರೀ, ಕಾಫಿ ಕುಡಿತೀರಾ?"

ಅವಳದೇ ದನಿ. 'ಕುಡಿತೀರಾ' ಎನ್ನುವಾಗ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗುವ ಎಳೆತವೂ ಅವಳದೇ. ಗಡಿಯಾರದಣ್ಣ ಬಿಚ್ಚಿಟ್ಟ ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿ, ತಲೆ ತಗ್ಗಿಸಿಕೊಂಡು ಕಂಪ್ಯೂಟರಿನ ಬೆನ್ನು ಮುಚ್ಚುತ್ತ ಕೂತರು. ಮೈಕಮ್ಮ ಅವರ ಹೆಗಲ ಮೇಲೆ ಕೈಯಿಟ್ಟು, ಎರಡನೇ ಸಲ ಕೇಳದೆ, ಕಾಫಿಗಿಡಲು ಹೋದಳು.

ಆ ಹೊತ್ತಿಗೆ ದೊಡ್ಡಕ್ಕ ಮಲಗಿಬಿಟ್ಟಿರುತ್ತಾಳೆ, ಆದರೆ ಮಧ್ಯಾಹ್ನದವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಮರುದಿನ ಬೆಳಿಗ್ಗೆಯೇ ದೊಡ್ಡಕ್ಕನಿಗೆ ಫೋನು ಹೋಯಿತು.

"ಅಕ್ಕಾ, ನಾನು. ಬದುಕಿದ್ದೀನಿ."

ಆ ಕಡೆಯಿಂದ ದೊಡ್ಡಕ್ಕ ಗದರಿದಳು: "ಬದುಕಿದ್ದೀಯಾ? ನಾನು ಎರಡು ದಿನದಿಂದ ಅನ್ನ ಮುಟ್ಟಿಲ್ಲ, ನೀನು ಆರಾಮಾಗಿ ಬದುಕಿದ್ದೀಯಾ?"

"ಕಂಪ್ಯೂಟರಿನ ಗಡಿಯಾರ ಕೆಟ್ಟಿತ್ತು ಅಕ್ಕಾ."

"ಯಾರ ಮನೇಲಿ? ಗಡಿಯಾರ ರಿಪೇರಿಯೋರ ಮನೇಲಿ?"

ಗಡಿಯಾರದಣ್ಣ ಅಂಗಡಿಯಿಂದಲೇ, "ಹೇಳ್ಬೇಡ ಅಂದಿದ್ನಲ್ಲೇ!" ಎಂದು ಕೂಗಿದರು. ದೊಡ್ಡಕ್ಕ ನಕ್ಕಳು, ನಗುತ್ತ ನಗುತ್ತ ಅತ್ತಳು, ಅತ್ತು ಮೂಗೊರೆಸಿಕೊಂಡು ಮಂಡಿನೋವಿನ ವಿಷಯಕ್ಕೆ ಬಂದಳು. ಅಕ್ಕ ತಂಗಿಯರ ಮಾತು ಹಳೇ ಹಳಿಗೆ ಬಿತ್ತು.

ಮೈಕಮ್ಮನಿಗೆ ಮಾತ್ರ ಒಂದು ಋಣ ಉಳಿದಿತ್ತು. ಅವಳು ತನ್ನ ದನಿಯಲ್ಲೇ ಒಂದು ಧನ್ಯವಾದ ದಾಖಲು ಮಾಡಿ ಸಹಾಯಪುಟಕ್ಕೆ ಕಳಿಸಿದಳು. "ನೀವು ಯಾರೋ, ಎಲ್ಲಿಯವರೋ ನನಗೆ ಗೊತ್ತಿಲ್ಲ. ನೀವು ಉಳಿಸಿಕೊಟ್ಟ ದನಿ ಹೇಗಿದೆ ಅಂತ ನೀವೂ ಒಂದು ಸಲ ಕೇಳಬೇಕು ಅನ್ನಿಸ್ತು."

ಉತ್ತರವೂ ದನಿಯಾಗಿಯೇ ಬಂತು. ಹೆಂಗಸಿನ ದನಿ, ಹಿಂದೆ ತಟ್ಟೆಗಳ ಸದ್ದು. "ಅಕ್ಕಾ, ನಾನು ಒಂದು ಬೇಕರಿ ನಡೆಸ್ತೀನಿ. ನಿಮ್ಮ ಮಾತನ್ನ ಇಲ್ಲಿ ಎಲ್ಲರಿಗೂ ಕೇಳಿಸ್ದೆ. ಹಿಟ್ಟು ನಾದ್ತಿದ್ದೋರೂ ಕೈ ನಿಲ್ಲಿಸಿ ಕೇಳಿದ್ರು. ಈ ಪುಟಕ್ಕೆ ಜನ ಬರೋದು ಕೆಟ್ಟಾಗ. ಸರಿ ಹೋದ್ಮೇಲೆ ಯಾರೂ ಬರಲ್ಲ. ಆದ್ರೆ ಥ್ಯಾಂಕ್ಸು ನನಗಲ್ಲ ಸೇರ್ಬೇಕಾದ್ದು. ಅಳಿಲು ಮೊದಲು ಹಳೇದನ್ನ ಅಳಿಸಿಹಾಕ್ತಿತ್ತು. ಯಾರೋ ಒಬ್ರು, ಅವರ ಮಗುವಿನ ಚಿತ್ರಗಳೆಲ್ಲ ಹಾಗೆ ಹೋಗಿದ್ವಂತೆ, ಇದೇ ಪುಟದಲ್ಲಿ ನಮಗೆ ಬಾಯಿಗೆ ಬಂದ ಹಾಗೆ ಬೈದ್ರು. ಅವತ್ತಿಂದ ಎತ್ತಿಡೋ ಹಾಗೆ ಮಾಡಿದ್ವಿ. ಅವರು ಮತ್ತೆ ಈ ಕಡೆ ಬರ್ಲೇ ಇಲ್ಲ. ಅವರದ್ದು ಉಳೀಲಿಲ್ಲ, ನಿಮ್ಮದು ಉಳೀತು."

ಮೈಕಮ್ಮ ಇದನ್ನು ಮತ್ತೆ ಮತ್ತೆ ಕೇಳಿದಳು. ಹೆಸರಿಲ್ಲ, ಊರಿಲ್ಲ. ತಮ್ಮ ಮಗುವಿನ ಚಿತ್ರ ಕಳೆದುಕೊಂಡು ಸಿಟ್ಟಿಗೆದ್ದ ಒಬ್ಬರು, ತಮಗೇ ತಿಳಿಯದಂತೆ ಇವಳ ದನಿ ಕಾಪಾಡಿ ಹೋಗಿದ್ದರು. ಅವರಿಗೆ ಕೃತಜ್ಞತೆ ಮುಟ್ಟಿಸುವುದು ಹೇಗೆ?

ಆ ದಿನವೆಲ್ಲ ಯೋಚಿಸಿ ಅವಳು ಬೇಕರಿಯಾಕೆಗೆ ಬರೆದಳು. 'ತಂಗೀ, ನಿಮ್ಮ ಅಳಿಲು ಬುದ್ಧಿವಂತ, ಆದರೆ ಮಾತು ಬರುವುದಿಲ್ಲ. ಪ್ರಮಾಣಪತ್ರ ಅಮಾನ್ಯ ಅಂದರೆ ಯಾರಿಗೆ ಅರ್ಥವಾಗಬೇಕು? ನಾನು ಜನ್ಮವಿಡೀ ಕೆಟ್ಟ ಸುದ್ದಿ ಹೇಳಿದವಳು. ಬಸ್ಸು ತಡ ಅಂತ ಮಾತ್ರ ಹೇಳಿದರೆ ಜನ ರೊಚ್ಚಿಗೇಳುತ್ತಾರೆ. ಯಾಕೆ ತಡ, ಅಲ್ಲಿಯವರೆಗೆ ಏನು ಮಾಡಬೇಕು, ಅಷ್ಟು ಹೇಳಿದರೆ ಬೆಂಚಿನಲ್ಲಿ ಕೂತು ಕಾಯುತ್ತಾರೆ. ನಿಮ್ಮ ಅಳಿಲು ಏನೇನು ತಪ್ಪು ತೋರಿಸುತ್ತದೋ ಎಲ್ಲ ಕಳಿಸಿ. ನಾನು ಬರೆದುಕೊಡುತ್ತೇನೆ.'

ಬೇಕರಿಯಾಕೆ ಅಂದೇ ಎಲ್ಲವನ್ನೂ ಕಳಿಸಿದಳು. 'ನಾವು ಇದನ್ನು ಯಾರ ಹತ್ತಿರ ಕೇಳೋದು ಅಂತ ವರ್ಷಗಳಿಂದ ಕೂತಿದ್ದೆವು ಅಕ್ಕಾ' ಎಂದೂ ಬರೆದಿದ್ದಳು.

ಈಗ ಮೈಕಮ್ಮ ಬೆಳಿಗ್ಗೆ ಮನೆಗೆಲಸ ಮುಗಿಸಿ ಒಳಕೋಣೆಯಲ್ಲಿ ಕೂರುತ್ತಾಳೆ. ಒಂದೊಂದು ತಪ್ಪಿನ ಅರ್ಥವನ್ನೂ ಬೇಕರಿಯಾಕೆಯಿಂದ ಕೇಳಿ ತಿಳಿದು, ಒಂದು ಸಾಲು ಬರೆಯುತ್ತಾಳೆ. ಅದನ್ನು ತನ್ನ ದನಿಯಲ್ಲಿ ಹೇಳಿಸಿ ಕೇಳುತ್ತಾಳೆ. ಹಿಡಿಸದಿದ್ದರೆ ಅಳಿಸಿ ಮತ್ತೆ ಬರೆಯುತ್ತಾಳೆ. ಅಂಗಡಿಯಲ್ಲಿ ಗಿರಾಕಿಗಳು ಕೂತಿದ್ದರೆ ಅವರ ಅಭಿಪ್ರಾಯವನ್ನೂ ಕೇಳುವುದುಂಟು. ಮೊನ್ನೆ ಕೈಗಡಿಯಾರಕ್ಕೆ ಪಟ್ಟಿ ಹಾಕಿಸಲು ಬಂದ ಒಬ್ಬರು ಒಳಗಿನಿಂದ ಬಂದ ದನಿ ಕೇಳಿ ಸಟಕ್ಕನೆ ಎದ್ದು ನಿಂತರು.

"ನಿಮ್ಮ ಕಂಪ್ಯೂಟರಿನ ದಿನಾಂಕ ಹಿಂದೆ ಬಿದ್ದಿದೆ" ಎನ್ನುತ್ತಿತ್ತು ಆ ದನಿ. "ಮೊದಲು ಅದನ್ನು ಸರಿಮಾಡಿ, ಆಮೇಲೆ ಮತ್ತೆ ಪ್ರಯತ್ನಿಸಿ. ಗಾಬರಿ ಬೇಡ. ನಿಮ್ಮ ಹಳೆಯ ಸಾಮಾನೆಲ್ಲ ಜೋಪಾನವಾಗಿದೆ."

"ಇದು ಬಸ್ ನಿಲ್ದಾಣದ ಮೈಕಮ್ಮ ಅಲ್ವಾ?" ಎಂದು ಅವರು ಕೇಳಿದರು.

"ಹೌದು," ಎಂದರು ಗಡಿಯಾರದಣ್ಣ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಕೆಲಸಕ್ಕೆ ಕೂತಿದ್ದಾಳೆ."